ಬ್ರಾಮ್‌ನ ಭುಜ ಮುರಿದದ್ದು

ಜನವರಿ 9, ಸೋಮವಾರ

ಬೆಳಿಗ್ಗೆ ಆರಕ್ಕೆ ಐಸ್ ಹಾಕಿ ಅಭ್ಯಾಸ. ಹೊರಗೆ ಮೈನಸ್ ಇಪ್ಪತ್ತು, ಐಸ್ ಮೇಲೆ ಹೆಚ್ಚುಕಮ್ಮಿ ಅಷ್ಟೇ. ನನ್ನ ಜೀವದ ಗೆಳೆಯ ಬ್ರಾಮ್ ಕೋಲಿನಿಂದ ನನ್ನ ಮೊಣಕಾಲಿಗೆ ಒಂದು ಬಿಟ್ಟ, ನಾನು ಅವನ ಪಕ್ಕೆಗೆ ಒಂದು ಕೊಟ್ಟೆ. ಚುಕ್ತಾ. ಒಂಬತ್ತಕ್ಕೆ ಲ್ಯಾಬ್ — ಉಕ್ಕಿನ ಸರಳನ್ನು ಮಷೀನಿಗೆ ಸಿಕ್ಕಿಸಿ ಮುರಿಯುವವರೆಗೂ ಎಳೆಯುವುದು. ಎಳೆಯುವುದು ಮಷೀನು, ನೋಡುವುದು ನಾವು. ನೋಡುತ್ತಾ ನಿದ್ದೆ ಹೋದೆ.

ಸಂಜೆ ಊಟದ ಮೇಜಿನಲ್ಲಿ ಪ್ರೆಸ್ಟನ್ ಎದ್ದು ನಿಂತ. ನಮ್ಮ ಫ್ರೆಟರ್ನಿಟಿಯ — ಕಾಲೇಜು ಹುಡುಗರು ಸಂಘ ಕಟ್ಟಿಕೊಂಡು ಒಟ್ಟಿಗಿರುವ ಮನೆಯ — ಅಧ್ಯಕ್ಷ, ಉಪ್ಪು ಕೇಳುವುದಕ್ಕೂ ಭಾಷಣ ಮಾಡುವ ಜಾತಿ. ಚಳಿಗಾಲದ ಉತ್ಸವದಲ್ಲಿ ಎಂದಿನಂತೆ ಫ್ರೆಟರ್ನಿಟಿಗಳ ನಡುವೆ ಬಾಕ್ಸಿಂಗ್, ಟಿಕೆಟಿನ ಹಣವೆಲ್ಲ ಆಸ್ಪತ್ರೆಯ ಸುಟ್ಟಗಾಯದ ಮಕ್ಕಳಿಗೆ. ಮಕ್ಕಳ ಹೆಸರಲ್ಲಿ ಒಬ್ಬರ ಮೂಗು ಒಬ್ಬರು ಒಡೆಯುವುದು ಇಲ್ಲಿ ಪುಣ್ಯದ ಕೆಲಸ. ದೊಡ್ಡ ತೂಕದಲ್ಲಿ ನಮ್ಮ ಕಡೆಯಿಂದ ಬ್ರಾಮ್. ಎದುರು ಮನೆಯಿಂದ ಡೂಗನ್. ಈ ಡೂಗನ್ ಹೋದ ವರ್ಷ ಒಬ್ಬನ ದವಡೆ ಮುರಿದು, ಮಾರನೇ ದಿನ ಅವನನ್ನು ನೋಡಲು ಹೂ ತೆಗೆದುಕೊಂಡು ಹೋಗಿದ್ದ.

ಎಲ್ಲರೂ ಮೇಜು ಗುದ್ದಿದರು. ಬ್ರಾಮ್ ಆಲೂಗಡ್ಡೆ ತಿನ್ನುತ್ತಲೇ ಇದ್ದ.

ಜನವರಿ 13, ಶುಕ್ರವಾರ

ಪರ ಊರಿನಲ್ಲಿ ಹಾಕಿ ಪಂದ್ಯ. ಗೆದ್ದೆವು ಅಂತೆ. ಕೊನೆಯವರೆಗೆ ನಾನಿರಲಿಲ್ಲ.

ಎರಡನೇ ಅವಧಿಯಲ್ಲಿ ಅವರ ಕಡೆಯ ಒಬ್ಬ ಕೆಂಪುಗಡ್ಡದವನು ಹಿಂದಿನಿಂದ ಬಂದು ಬ್ರಾಮ್‌ನನ್ನು ಗಾಜಿನ ಗೋಡೆಗೆ ಅಪ್ಪಳಿಸಿದ. ಹೆಲ್ಮೆಟ್ಟಿನ ಸದ್ದು ಬೆಂಚಿನವರೆಗೂ ಕೇಳಿತು. ಬಿದ್ದವನ ಒಂದು ಕೈ ಮಾತ್ರ ಗಾಳಿಯಲ್ಲಿ ಸೆಟೆದು ನಿಂತಿತ್ತು, ಏನನ್ನೋ ಕೇಳುವವನ ಹಾಗೆ. ನಾನು ಕೈಗವಸು ಬಿಸಾಡಿ ಕೆಂಪುಗಡ್ಡದವನ ಅಂಗಿ ಅವನ ತಲೆ ಮೇಲೆ ಎಳೆದು ಬಾಯಿಗೆ ಬಾರಿಸಿದೆ. ಹಲ್ಲು ತಾಗಿ ನನ್ನ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ. ಪಂದ್ಯದಿಂದ ಹೊರಗೆ ಹಾಕಿದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಸಿಲ್ವೋಲಾ ಮೇಡಂ — ತಂಡದ ಟ್ರೈನರ್, ನಮ್ಮೆಲ್ಲರ ಪಟ್ಟಿ ಕಟ್ಟುವವರು — ಬ್ರಾಮ್‌ಗೆ ತಲೆ ಟೆಸ್ಟ್ ಮಾಡಿದರು. ಐದು ಪದ ಓದುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಹೇಳಬೇಕು. ಬೆಳಕು ಬಂದ ಕೂಡಲೇ ಗುಂಡಿ ಒತ್ತಬೇಕು. ಸೆಪ್ಟೆಂಬರಿನಲ್ಲಿ, ಎಲ್ಲರೂ ನೆಟ್ಟಗಿದ್ದಾಗ, ಇದೇ ಟೆಸ್ಟ್ ಮಾಡಿ ಇಟ್ಟುಕೊಂಡಿರುತ್ತಾರೆ. ಪೆಟ್ಟು ಬಿದ್ದ ಮೇಲೆ ಅದಕ್ಕೆ ಹೋಲಿಸಿ ನೋಡುತ್ತಾರೆ.

ಅದಕ್ಕೇ ಸೆಪ್ಟೆಂಬರಿನಲ್ಲಿ ನಾವೆಲ್ಲ ಬೇಕೆಂದೇ ದಡ್ಡರಾಗುತ್ತೇವೆ. ಮೂರು ಪದ ಮರೆಯುವುದು, ಗುಂಡಿ ತಡವಾಗಿ ಒತ್ತುವುದು. ಆಮೇಲೆ ತಲೆ ಕಲಸಿ ಹೋದರೂ ಅಂಕ ಅಷ್ಟೇ ಬರುತ್ತದೆ. ಬ್ರಾಮ್‌ಗೆ ಈ ವಿದ್ಯೆ ಕಲಿಸಿದವನು ನಾನೇ. ಇವತ್ತು ಅವನು ಪಾಸಾದ.

ಬಸ್ಸಿನಲ್ಲಿ ಕೇಳಿದ, ‘ಯಾರ ಮೇಲೆ ಆಡಿದ್ವಿ?’ ಹೇಳಿದೆ. ಊರು ಸೇರುವ ಮೊದಲು ಇನ್ನೊಂದು ಸಲ ಕೇಳಿದ. ಮತ್ತೆ ಇನ್ನೊಂದು ಸಲ.

ಜನವರಿ 14, ಶನಿವಾರ

ನಮ್ಮ ಫ್ರೆಟರ್ನಿಟಿಯ ಶನಿವಾರದ ಸೇವೆ. ವಯಸ್ಸಾದವರ ಮನೆ ಸೂರಿನ ಹಿಮ ಗೋರಿ ಹಾಕುವುದು. ಇಂದು ಲಾಹ್ತಿ ಅಜ್ಜಿಯ ಮನೆ. ಅಜ್ಜಿ ಕೆಳಗೆ ಊರುಗೋಲು ಹಿಡಿದು ನಿಂತು ನಮಗೆ ಮೇಸ್ತ್ರಿಗಿರಿ ಮಾಡುತ್ತಿದ್ದರು. ಬ್ರಾಮ್ ಸೂರಿನ ಅಂಚಿನಲ್ಲಿ ಸುಮ್ಮನೆ ಕೂತುಬಿಟ್ಟ. ‘ಏ, ಅಲ್ಲೇನು ಮೊಟ್ಟೆಗೆ ಕಾವು ಕೊಡ್ತಿದೀಯಾ?’ ಎಂದರು ಅಜ್ಜಿ. ಅವನು ನಕ್ಕ. ಎದ್ದ. ಕಾಲು ಅವನ ಮಾತು ಕೇಳಲಿಲ್ಲ.

ಅವನ ಬೆಲ್ಟು ಹಿಡಿದೆ. ಇಬ್ಬರೂ ಜಾರಿ ಕೆಳಗಿನ ಹಿಮದ ರಾಶಿಗೆ ಬಿದ್ದೆವು. ಅವನ ಸಲಿಕೆ ನನ್ನ ಕಿವಿಯ ಪಕ್ಕ ನಾಟಿತು. ಎದ್ದು ಬೇಲಿ ಮರೆಗೆ ಹೋಗಿ ವಾಂತಿ ಮಾಡಿದ. ಅಜ್ಜಿ ತಿನ್ನಿಸಿದ್ದ ಏಲಕ್ಕಿ ರೊಟ್ಟಿ ಅಷ್ಟೂ ಹೋಯಿತು.

‘ಯಾರಿಗೂ ಹೇಳ್ಬೇಡ’ ಎಂದ.

ಜನವರಿ 17

ಬ್ರಾಮ್ ಪುಸ್ತಕ ಓದುತ್ತಿಲ್ಲ. ಅಕ್ಷರ ಈಜುತ್ತವಂತೆ. ದ್ರವಚಲನೆಯ ಪಾಠ ನಾನು ಗಟ್ಟಿಯಾಗಿ ಓದುತ್ತೇನೆ, ಅವನು ಕಣ್ಣಿನ ಮೇಲೆ ಟವೆಲು ಹಾಕಿಕೊಂಡು ಕೇಳುತ್ತಾನೆ. ಅರ್ಧ ಪಾಠವಾದ ಮೇಲೆ ತಡೆಯಲಾಗಲಿಲ್ಲ. ಸಿಲ್ವೋಲಾ ಮೇಡಂಗೆ ಹೇಳಿಬಿಡು, ಟೆಸ್ಟ್ ಸುಳ್ಳು ಅಂತ ಹೇಳು ಎಂದೆ.

ಟವೆಲು ಹಾರಿತು. ನನ್ನ ಕುತ್ತಿಗೆ ಹಿಡಿದು ಬೀರುವಿಗೆ ಒತ್ತಿದ. ತಲೆನೋವಿನ ಮನುಷ್ಯನಿಗೆ ಅಷ್ಟು ಶಕ್ತಿ ಎಲ್ಲಿಂದ ಬರುತ್ತದೋ. ನೌಕಾಪಡೆಯ ಪೈಲಟ್ ತರಬೇತಿಗೆ ಅವನು ಆಯ್ಕೆಯಾಗಿದ್ದಾನೆ, ಏಪ್ರಿಲ್‌ನಲ್ಲಿ ವೈದ್ಯಕೀಯ ಪರೀಕ್ಷೆ.

‘ತಲೆಗೆ ಪೆಟ್ಟು ಅಂತ ಎಲ್ಲಾದ್ರೂ ಒಂದು ಸಾಲು ಬಿತ್ತು ಅಂದ್ರೆ, ಜೀವನ ಪೂರ್ತಿ ಹಡಗಿನ ಹೊಟ್ಟೇಲಿ ಪೈಪ್ ಒರೆಸ್ತಾ ಕೂರ್ಬೇಕು ನಾನು. ನಿನ್ನ ಬಾಯಿಂದ ಈ ಮಾತು ಹೊರಗೆ ಬಂದ್ರೆ ನಮ್ಮಿಬ್ರ ಕಥೆ ಅಲ್ಲಿಗೆ ಮುಗೀತು. ಗೊತ್ತಾಯ್ತಾ?’

ಉಸಿರು ಇರಲಿಲ್ಲ. ತಲೆ ಆಡಿಸಿದೆ. ಆಮೇಲೆ ಪಾಠ ಮುಂದುವರಿಸಿದೆವು.

ಜನವರಿ 24

ನೆಲಮಾಳಿಗೆಯಲ್ಲಿ ಬಾಕ್ಸಿಂಗ್ ಅಭ್ಯಾಸ. ಮೊದಲ ವರ್ಷದ ಹುಡುಗನೊಬ್ಬ ಹೆದರಿ ಹೆದರಿ ಬ್ರಾಮ್‌ನ ಗಲ್ಲ ತಟ್ಟಿದ — ತಟ್ಟಿದ ಅಷ್ಟೇ — ಬ್ರಾಮ್ ಎರಡೂ ಮಂಡಿ ಊರಿ ಕೂತ. ನಿದ್ದೆ ಸಾಲದು ಎಂದ ಪ್ರೆಸ್ಟನ್.

ಡೂಗನ್ ತಟ್ಟುವುದಿಲ್ಲ. ಅವನು ಹೊಡೆದರೆ ಬ್ರಾಮ್ ಏಳುವುದಿಲ್ಲ. ಇದು ನನಗೆ ನನ್ನ ಹೆಸರಿನಷ್ಟೇ ಖಾತ್ರಿ.

ಪ್ರೆಸ್ಟನ್‌ನನ್ನು ಪಕ್ಕಕ್ಕೆ ಕರೆದೆ. ತಲೆಯ ವಿಷಯ ಎತ್ತದೆ, ಬ್ರಾಮ್ ಬದಲು ಬೇರೆ ಯಾರನ್ನಾದರೂ ಇಳಿಸು ಎಂದೆ. ಪೋಸ್ಟರ್‌ನಲ್ಲಿ ಅವನ ಮುಖ ಅಚ್ಚಾಗಿದೆ, ಆಗುವುದಿಲ್ಲ ಎಂದ. ‘ಕೈಯೋ ಕಾಲೋ ಮುರಿದ್ರೆ ಬೇರೆ ಮಾತು’ ಎಂದು ನಕ್ಕ.

ಜನವರಿ 26, ಗುರುವಾರ

ಮುರಿದೆ.

ಎಂಜಿನಿಯರ್ ಅಲ್ಲವೇ, ಲೆಕ್ಕ ಹಾಕಿಯೇ ಮುರಿದೆ. ಬೆರಳು ಮುರಿದರೆ ಪಟ್ಟಿ ಸುತ್ತಿಕೊಂಡು ರಿಂಗಿಗೆ ಇಳಿಯುತ್ತಾನೆ. ಮಂಡಿ ಮುರಿದರೆ ವಿಮಾನ ಹಾರಿಸುವುದು ತಪ್ಪಿಹೋಗುತ್ತದೆ. ಕಾಲರ್ ಬೋನ್ — ಕತ್ತಿನಿಂದ ಭುಜಕ್ಕೆ ಹೋಗುವ ಎಲುಬು — ಅದು ಚೆನ್ನಾಗಿ ಕೂಡಿಕೊಳ್ಳುತ್ತದೆ. ಅಷ್ಟರಲ್ಲಿ ಉತ್ಸವ ಮುಗಿದಿರುತ್ತದೆ.

ಹಾಕಿ ಅಭ್ಯಾಸದ ಕೊನೆಗೆ ಅವನು ಮೂಲೆಯಲ್ಲಿ ಆಟದ ರಬ್ಬರ್ ಬಿಲ್ಲೆಗೆ ಬಗ್ಗಿದ್ದ. ಭುಜ ಗೋಡೆ ಕಡೆಗಿತ್ತು. ಐಸಿನ ಉದ್ದಕ್ಕೂ ಜೋರಾಗಿ ಜಾರುತ್ತಾ ಬಂದೆ. ಕೊನೆಯ ಗಳಿಗೆಯಲ್ಲಿ ಅವನು ತಿರುಗಿ ನೋಡಿದ. ನಾನು ಎಂದು ಗೊತ್ತಾಗಿ ಮೈ ಸಡಿಲ ಬಿಟ್ಟ. ಎಡಗೈಯಿಂದ ಅವನ ಹೆಲ್ಮೆಟ್ಟನ್ನು ನನ್ನ ಎದೆಗೆ ಒತ್ತಿಕೊಂಡೆ, ತಲೆ ಎಲ್ಲಿಯೂ ತಾಗಬಾರದು. ಉಳಿದ ಮೈಯನ್ನೆಲ್ಲ ಅವನ ಭುಜದ ಮೇಲೆ ಹಾಕಿದೆ.

ಸಣ್ಣ ಸದ್ದು. ಕ್ಯಾರೆಟ್ ಮುರಿದ ಹಾಗೆ. ಆಮೇಲೆ ಅವನ ಕೂಗು, ಅದು ಸಣ್ಣದಲ್ಲ. ಅಂಗಿಯ ಒಳಗೆ ಎಲುಬು ಗುಡಾರದ ಕೋಲಿನಂತೆ ಎದ್ದಿತ್ತು. ತಲೆ ಮಾತ್ರ ನನ್ನ ತೋಳಿನಲ್ಲೇ ಇತ್ತು.

ಬಟ್ಟೆಕೋಣೆಯಲ್ಲಿ ನಮ್ಮ ಗೋಲ್ ಕೀಪರ್ ನನ್ನ ಹೊಟ್ಟೆಗೆ ಕೋಲಿನ ಹಿಡಿಯಿಂದ ತಿವಿದ. ಇನ್ನಿಬ್ಬರು ಸ್ನಾನದ ನೀರಿನ ಕೆಳಗೆ ಕೆಡವಿ ಒದ್ದರು. ಕೋಚ್ ಬಾಗಿಲಲ್ಲಿ ನಿಂತು ನೋಡಿ ಹೊರಟು ಹೋದರು. ಕೈ ಎತ್ತಲಿಲ್ಲ ನಾನು.

ಜನವರಿ 28

ಊಟದ ಮೇಜಿನಲ್ಲಿ ನನ್ನ ಎರಡೂ ಪಕ್ಕ ಖಾಲಿ. ಬೂಟಿನಲ್ಲಿ ಯಾರೋ ಹುಳಿ ಹಾಲು ಸುರಿದಿದ್ದಾರೆ. ಮುಂದಿನ ವರ್ಷ ಬ್ರಾಮ್ ತಂಡದ ನಾಯಕನಾಗುತ್ತಾನೆಂದು ನನಗೆ ಹೊಟ್ಟೆಕಿಚ್ಚು ಎಂಬುದು ಮನೆಯ ತೀರ್ಮಾನ. ಬ್ರಾಮ್ ಕೈಯನ್ನು ಕತ್ತಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಹಾಕಿಕೊಂಡು ಆಸ್ಪತ್ರೆಯಿಂದ ಬಂದ, ನನ್ನನ್ನು ಕಂಬ ನೋಡಿದ ಹಾಗೆ ನೋಡಿ ಮೇಲೆ ಹೋದ. ನಡೆಯುವಾಗ ಗೋಡೆ ಸವರಿಕೊಂಡು ಹೋಗುತ್ತಾನೆ. ಅದನ್ನು ಯಾರೂ ಗಮನಿಸುವುದಿಲ್ಲ, ಭುಜ ನೋಡುತ್ತಾರೆ.

ಪ್ರೆಸ್ಟನ್ ಬಂದ. ಭಾಷಣ ಮಾಡಲಿಲ್ಲ, ಅದು ಹೊಸದು. ‘ಡೂಗನ್ ಜೊತೆ ನೀನೇ ಆಡ್ತೀಯ ವೆಸ್. ಅವನೂ ಒಪ್ಪಿದಾನೆ, ತೂಕಗೀಕ ಏನೂ ಬೇಡ ಅಂದ.’

ಡೂಗನ್ ನನಗಿಂತ ಒಂದು ಕೊಬ್ಬಿದ ಕುರಿಯಷ್ಟು ಭಾರ.

ಫೆಬ್ರವರಿ 12, ಭಾನುವಾರ, ಮಧ್ಯಾಹ್ನ

ಒಂದೇ ಕಣ್ಣಲ್ಲಿ ಬರೆಯುತ್ತಿದ್ದೇನೆ. ಸಾಲು ಸೊಟ್ಟಗಾಗುತ್ತಿದೆ, ಆಗಲಿ.

ನಿನ್ನೆ ಜಿಮ್ ತುಂಬಿತ್ತು. ಸುಟ್ಟಗಾಯದ ವಾರ್ಡಿನ ನರ್ಸುಗಳು ಮುಂದಿನ ಸಾಲಿನಲ್ಲಿ. ಸುತ್ತುಗಳ ನಡುವೆ ನನ್ನನ್ನು ನೋಡಿಕೊಳ್ಳಲು ನನ್ನ ಮೂಲೆಗೆ ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಬ್ರಾಮ್ ಬಂದ. ಒಂದು ಕೈ ಜೋಳಿಗೆಯಲ್ಲಿ, ಇನ್ನೊಂದರಲ್ಲಿ ಬಕೀಟು, ಹೆಗಲ ಮೇಲೆ ಬಿಳಿ ಟವೆಲು. ಒಳಗೂ ಕಪ್ಪು ಕನ್ನಡಕ. ಜನ ಶೋಕಿ ಎಂದುಕೊಂಡು ಶಿಳ್ಳೆ ಹೊಡೆದರು.

ಮೊದಲ ಸುತ್ತು ಓಡಿದೆ. ಎರಡನೇ ಸುತ್ತಿನಲ್ಲಿ ಓಡಲು ಜಾಗ ಸಿಗಲಿಲ್ಲ. ಮೂಗು ಹೋಯಿತು. ಗಂಟಲಿಗೆ ಇಳಿದ ರಕ್ತ ನುಂಗುತ್ತಾ ಹೊಡೆದೆ, ಒಂದೆರಡು ಬಿದ್ದವು ಕೂಡ. ಡೂಗನ್ ‘ಚೆನ್ನಾಗಿತ್ತು’ ಎಂದು ಹೇಳಿ ನನ್ನ ಪಕ್ಕೆ ಒಡೆದ. ಒಳ್ಳೆಯ ಮನುಷ್ಯ.

ಮೂಲೆಯಲ್ಲಿ ಕೂತಾಗ ಬ್ರಾಮ್ ನನ್ನ ಮೂಗಿಗೆ ಹತ್ತಿ ತುರುಕಿದ. ಮುಖದ ಹತ್ತಿರ ಮುಖ ತಂದ.

‘ಬೇಕಂತಲೇ ಮಾಡ್ದೆ ಅಲ್ವಾ?’

ಬಾಯಲ್ಲಿ ಹಲ್ಲಿನ ರಬ್ಬರ್ ಇತ್ತು. ಹೌದೆಂದು ತಲೆ ಆಡಿಸಿದೆ.

‘ಸರಿ. ಎದ್ದೇಳು. ಹೋಗಿ ಪೆಟ್ಟು ತಿನ್ನು.’

ಮೂರನೇ ಸುತ್ತಿನಲ್ಲಿ ನಾಲ್ಕು ಸಲ ಬಿದ್ದೆನಂತೆ, ನನಗೆ ಎರಡು ನೆನಪಿದೆ. ಎರಡನೇ ಸಲ ಮೂಲೆ ನೋಡಿದೆ. ಸೋಲೊಪ್ಪಿ ಟವೆಲು ಒಳಗೆ ಎಸೆದರೆ ಪಂದ್ಯ ಮುಗಿಯುತ್ತಿತ್ತು. ಬ್ರಾಮ್ ಆ ಟವೆಲಿನಿಂದ ತನ್ನ ಮುಖ ಒರೆಸಿಕೊಂಡ. ನಾನು ಎದ್ದೆ. ಡೂಗನ್‌ನ ಬಲಗೈ ಬರುವುದು ಕಂಡಿತು, ಅದು ತಾಗಿದ್ದು ಕಾಣಲಿಲ್ಲ.

ಮಕ್ಕಳ ವಾರ್ಡಿಗೆ ಈ ಸಲ ದಾಖಲೆ ಮೊತ್ತವಂತೆ. ಪ್ರೆಸ್ಟನ್ ಕುಣಿಯುತ್ತಿದ್ದಾನೆ.

ಅದೇ ದಿನ, ಸಂಜೆ

ಬ್ರಾಮ್ ಬಂದ. ಹೆಪ್ಪುಗಟ್ಟಿದ ಬಟಾಣಿಯ ಪೊಟ್ಟಣ ನನ್ನ ಕಣ್ಣಿನ ಮೇಲೆ ಎಸೆದು ಮಂಚದ ತುದಿಗೆ ಕೂತ. ಯಾಕೆ ಎಂದು ಕೇಳಿದ. ಎಲ್ಲ ಹೇಳಿದೆ — ಡೂಗನ್, ಅವನು ಮಂಡಿ ಊರಿದ್ದು, ಸೂರು, ಹೆಲ್ಮೆಟ್ ಒತ್ತಿಕೊಂಡದ್ದು.

‘ಬಾಯಿದೆ ಅಲ್ವೇನೋ ನಿಂಗೆ? ಮೇಡಂ ಹತ್ರ ಹೋಗಿ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಮೂಳೆ ಯಾಕೋ ಮುರಿದೆ?’

‘ಹೇಳಿದ್ರೆ ಕಥೆ ಮುಗೀತು ಅಂದಿದ್ದೆ ನೀನು.’

ಅವನು ನಗಲು ಶುರುಮಾಡಿದ. ನಾನೂ ನಕ್ಕೆ, ಪಕ್ಕೆ ಚುಚ್ಚಿತು. ನಗುತ್ತಿದ್ದವನು ತಟ್ಟನೆ ಹಣೆ ಹಿಡಿದುಕೊಂಡು ಬಗ್ಗಿದ. ಬಹಳ ಹೊತ್ತು ಹಾಗೇ ಇದ್ದ. ಬೆನ್ನ ಮೇಲೆ ಕೈ ಇಟ್ಟೆ, ತೆಗೆ ಎನ್ನಲಿಲ್ಲ.

ನನ್ನ ಮೇಲೆ ಸಿಟ್ಟಿಲ್ಲವಂತೆ. ಎಲುಬು ಕೂಡಿದ ಕೂಡಲೇ ಮಾರ್ಚ್ ಕೊನೆಯ ಪಂದ್ಯಕ್ಕೆ ಇಳಿಯುತ್ತಾನಂತೆ. ಏಪ್ರಿಲ್ ಪರೀಕ್ಷೆಯಲ್ಲಿ ಪಾಸಾಗುವ ಉಪಾಯ ಯೋಚಿಸು, ನೀನು ಅದರಲ್ಲಿ ಗಟ್ಟಿಗ ಎಂದ. ಆಮೇಲೆ ಬಹಳ ಮೆಲ್ಲಗೆ, ಎಲ್ಲವೂ ಎರಡೆರಡು ಕಾಣ್ತಿದೆ ಕಣೋ ಎಂದ. ಇಬ್ಬರು ವೆಸ್ ಇದ್ದಾರಂತೆ, ಇಬ್ಬರದೂ ಮೂಗು ಸೊಟ್ಟಗಿದೆಯಂತೆ.

ಪಾಠ ಓದಿದೆ. ಮಲಗಿದ. ಒಂದು ಎಲುಬು ಮುರಿದು ನಾನು ಸಂಪಾದಿಸಿದ್ದು ಕೆಲವು ವಾರ ಮಾತ್ರ. ಇನ್ನೊಂದು ಮುರಿಯಲು ನನ್ನಿಂದ ಆಗುವುದಿಲ್ಲ. ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಅವನು ಸಾಯುತ್ತಾನೆಂದು ಭಯವಾಗುತ್ತಿದೆ.

ಫೆಬ್ರವರಿ 13, ಸೋಮವಾರ, ನಾಲ್ಕು ಗಂಟೆ

ಹೊಡೆತ ತಿಂದವರೆಲ್ಲ ಸಿಲ್ವೋಲಾ ಮೇಡಂ ಬಳಿ ತಲೆ ಟೆಸ್ಟಿಗೆ ಹೋಗಬೇಕು. ಹೋದೆ. ಐದು ಪದ: ಏಣಿ, ಬೆಣ್ಣೆ, ಕಂಬಳಿ, ಮೊಳೆ, ಬಾತುಕೋಳಿ. ಐದನ್ನೂ ಹೇಳಿದೆ. ಕೊನೆಯಿಂದ ಮೊದಲಿಗೂ ಹೇಳಿದೆ. ಬೆಳಕು ಬಂದಾಗಲೆಲ್ಲ ಗುಂಡಿ ಒತ್ತಿದೆ, ನಿಜವಾಗಿ, ಆದಷ್ಟು ಬೇಗ.

ಮೇಡಂ ಪರದೆ ನೋಡಿದರು. ನನ್ನ ಮುಖ ನೋಡಿದರು — ಒಂದು ಕಣ್ಣು ಮುಚ್ಚಿದೆ, ತುಟಿಗೆ ಹೊಲಿಗೆ. ಮತ್ತೆ ಪರದೆ.

‘ಸೆಪ್ಟೆಂಬರ್‌ಗಿಂತ ಎರಡರಷ್ಟು ಜಾಣ ಆಗಿದೀಯ. ಡೂಗನ್ ಹೊಡೆದ್ರೆ ಬುದ್ಧಿ ಬರುತ್ತೇನಪ್ಪಾ?’

ಅವರು ಎದ್ದು ಬಾಗಿಲು ಮುಚ್ಚಿ ಬಂದರು. ನಗು ಹೋಗಿತ್ತು.

‘ಇನ್ನು ಯಾರ್ಯಾರು ಹೀಗೆ ಮಾಡಿದೀರಿ?’

ಎಲ್ಲರೂ ಎಂದೆ. ಆದರೆ ಈಗಲೇ ನೋಡಬೇಕಾದವನು ಒಬ್ಬ ಎಂದು ಅವನ ಹೆಸರು ಹೇಳಿದೆ. ಜನವರಿಯ ಪೆಟ್ಟು, ವಾಂತಿ, ಎರಡೆರಡು ಕಾಣುವುದು, ಎಲ್ಲ. ಮೇಡಂ ಬೈಯಲಿಲ್ಲ. ಫೋನು ತೆಗೆದುಕೊಂಡು ಮೊದಲು ಆಸ್ಪತ್ರೆಗೆ ಮಾಡಿದರು, ಅವನಿಗೆ ಆಮೇಲೆ ಮಾಡುತ್ತೇನೆ ಎಂದರು. ವಿಮಾನದ ಬಗ್ಗೆ ಕೇಳಿದೆ. ಬಾಗಿಲು ತೆರೆದು ನನ್ನನ್ನು ಹೊರಗೆ ಕಳಿಸಿದರು.

ಈಗ ಕೋಣೆಯಲ್ಲಿದ್ದೇನೆ. ಓಡಿ ಹೋಗಬಹುದಿತ್ತು. ಕೂತು ಬರೆಯುತ್ತಿದ್ದೇನೆ.

ಕೆಳಗೆ ಫೋನು ಬಂತು. ಆಮೇಲೆ ಗಾಜು ಒಡೆಯಿತು. ಪ್ರೆಸ್ಟನ್ ‘ಬೇಡ ಬ್ರಾಮ್, ಬೇಡ’ ಎನ್ನುತ್ತಿದ್ದಾನೆ. ಬ್ರಾಮ್ ನನ್ನ ಹೆಸರು ಹಿಡಿದು ಕೂಗುತ್ತಾ ಮೆಟ್ಟಿಲು ಹತ್ತುತ್ತಿದ್ದಾನೆ. ಒಂದು ಮೆಟ್ಟಿಲು ತಪ್ಪಿದ, ಎದ್ದ.

ಚಿಲಕ ಹಾಕಿಲ್ಲ. ಹೊಡೆಯಲಿ. ಅವನಿಗೆ ಒಂದೇ ಕೈ ಇರುವುದು, ಸಿಟ್ಟು ಬಂದರೆ ತಲೆಯಿಂದ ಗುದ್ದುವ ಅಭ್ಯಾಸ ಬೇರೆ. ಕೈಯಲ್ಲಿ ಎಷ್ಟಾದರೂ ಹೊಡಿ, ತಲೆ ಮಾತ್ರ ಹಾಕಬೇಡ ಅಂತ ಮೊದಲು ಅವನಿಗೆ—