ಹತ್ತಕ್ಕೆ ಏಳು

ಶಿಡ್ಲಘಟ್ಟ
೯-೩-೧೯೫೮

ಚಿರಂಜೀವಿ ರತ್ನಮ್ಮನಿಗೆ ನಿನ್ನ ಅಪ್ಪನ ಆಶೀರ್ವಾದ.

ಇಲ್ಲಿ ನಾನು, ಹಸು, ಸೋರುವ ಹೆಂಚು ಎಲ್ಲರೂ ಕ್ಷೇಮ. ಕೋಲಾರದಲ್ಲಿ ನೀನೂ, ನಿನ್ನ ಹಾಸ್ಟೆಲಿನವರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನಿಂದ ನಾಲ್ಕು ತಿಂಗಳಿಂದ ಕಾಗದವಿಲ್ಲ. ಯಾಕೆ ಅಂತ ಗೊತ್ತು. ನಾನೇ ಮೊದಲು ಬರೆಯಬೇಕಾಗಿತ್ತು. ಇವತ್ತು ನಾಳೆ ಎಂದು ತಳ್ಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಸಾಯಂಕಾಲದ ಇಂಗ್ಲಿಷ್ ಪಾಠ ನಿಂತಿಲ್ಲ. ಗೂಡಿನಿಂದ ರೇಷ್ಮೆ ನೂಲು ಬಿಚ್ಚಿಸುವ ಚೆನ್ನರಾಯಪ್ಪ, ತಾಲ್ಲೂಕು ಕಚೇರಿ ಜವಾನ ಎರ್ರಪ್ಪ, ಇಬ್ಬರೇ ಬರುತ್ತಾರೆ. ನಾನು ಓದಿರುವುದೂ ಲೋಯರ್ ಸೆಕೆಂಡರಿ ತನಕ. ಹೇಗೆ ತಿದ್ದುತ್ತಿದ್ದೆ ಅಂತ ನಿನಗೆ ಗೊತ್ತಲ್ಲ. ಅವರು ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ನಿಮ್ಮಮ್ಮ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ, “ಹಂಗೆ ಯಾರಾದ್ರೂ ಅಂತಾರಾ?” ಅನ್ನುತ್ತಿದ್ದಳು. ನಾನು ಕೆಂಪು ಮಸಿಯಲ್ಲಿ ‘ಹೀಗೆ ಯಾರೂ ಬರೆಯುವುದಿಲ್ಲ’ ಎಂದು ಪಕ್ಕದಲ್ಲಿ ಹಾಕುತ್ತಿದ್ದೆ.

ತಿಥಿ ಮುಗಿದು ನೀನು ಹೊರಟ ವಾರ ನಡೆದದ್ದು ಹೇಳುತ್ತೇನೆ. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಚೆನ್ನರಾಯಪ್ಪ ಒಂದು ಕಾಗದ ಹಿಡಿದು ಬಂದ.

“ಮೇಷ್ಟ್ರೇ, ಇದನ್ನ ವಸಿ ತಿದ್ದಿಕೊಡಿ. ನಾಳೆ ಟಪ್ಪಾಲಿಗೆ ಹಾಕ್ಬೇಕು.”

“ಯಾರಿಗಪ್ಪ?”

“ನಿಮಗೇ. ತಪ್ಪಿರೋ ಕಾಗದ ನಿಮಗೆ ಕಳ್ಸಕ್ಕಾಗ್ತದಾ?”

ನನಗೆ ಸಂತಾಪ ಹೇಳುವ ಕಾಗದ ಅದು. ಬೆಂಗಳೂರಿನ ವ್ಯಾಪಾರಿಗಳಿಗೆ ಬರೆದು ಬರೆದು ಅವನ ಕೈ ಅದಕ್ಕೇ ಕೂತಿದೆ. ‘ತಮ್ಮ ಮನೆಯವರು ತೀರಿಹೋದ ವಿಷಯ ಬಂದು ಮುಟ್ಟಿತು. ಸರಕು ಬಲು ಚೆನ್ನಾಗಿತ್ತು. ಅಂಥದ್ದು ಮತ್ತೆ ಬರುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ.

“ಹೆಂಡತೀನ ಸರಕು ಅನ್ನಬಾರದು ಕಣಪ್ಪ,” ಎಂದೆ.

“ಇನ್ನೇನು ಬರೀಲಿ ಮೇಷ್ಟ್ರೇ? ಒಳ್ಳೇ ನೂಲಿಗೆ ನಾವು ಹಂಗೇ ಬರಿಯೋದು.”

ಎರ್ರಪ್ಪನೂ ಒಂದು ತಂದಿದ್ದ. ಅವನದು ಪೂರಾ ಕಚೇರಿ. ‘ತಮ್ಮ ದುಃಖವನ್ನು ಸ್ವೀಕರಿಸಲಾಗಿದೆ. ಮುಂದಿನ ಕ್ರಮಕ್ಕಾಗಿ ಮೇಲಿನವರಿಗೆ ರವಾನಿಸಲಾಗಿದೆ.’

“ಮೇಲಿನವರು ಯಾರಯ್ಯ? ಅಮಲ್ದಾರರಾ?”

ಎರ್ರಪ್ಪ ಸೂರಿನ ಕಡೆ ಬೆರಳು ತೋರಿಸಿದ. “ಅವರೇ ಮೇಷ್ಟ್ರೇ. ಅಲ್ಲೂ ಫೈಲು ತಡ ಆಗ್ತದೆ.”

ಚೆನ್ನರಾಯಪ್ಪ ನಕ್ಕುಬಿಟ್ಟ. ಆಮೇಲೆ ಸಾವಾದ ಮನೆ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡ. ನನಗೂ ನಗು ಬಂತು ಕಣಮ್ಮ. ಸುಳ್ಳು ಯಾಕೆ ಹೇಳಲಿ.

ಎರಡನ್ನೂ ತಿದ್ದಿದೆ. ನಾಲ್ಕು ಸಲ ಬರೆದು ತಂದರು, ನಾಲ್ಕು ಸಲವೂ ತಿದ್ದಿದೆ. ಸರಕು ತೆಗೆಸಿದೆ. ‘ಅಂಥದ್ದು ಮತ್ತೆ ಬರುವುದಿಲ್ಲ’ ಅನ್ನುವಲ್ಲಿ ಪೆನ್ನು ಊರಿ, ಬಾಗಿಲ ಕಡೆ ನೋಡಿ, ಹಾಗೇ ಬಿಟ್ಟೆ. ಎರಡು ದಿನ ಬಿಟ್ಟು ಪೋಸ್ಟಿನವನು ಎರಡನ್ನೂ ತಂದುಕೊಟ್ಟ. ನನ್ನ ತಿದ್ದುಪಾಟು ನನ್ನ ಮನೆಗೇ ಬಂತು. ಸಾಯಂಕಾಲ ಚೆನ್ನರಾಯಪ್ಪ ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಕೇಳಿದ.

“ಕಾಗದ ಬಂತಾ ಮೇಷ್ಟ್ರೇ? ಎಷ್ಟು ಮಾರ್ಕು?”

“ಹತ್ತಕ್ಕೆ ಏಳು.”

“ಅಮ್ಮೋರಿದ್ದಿದ್ರೆ ಎಂಟು ಕೊಡ್ಸೋರು,” ಎಂದು ಎರ್ರಪ್ಪ ಸ್ಲೇಟು ಒರೆಸುತ್ತಾ ಹೇಳಿದ. ಕೊಡಿಸುತ್ತಿದ್ದಳು.

ನಿನಗೆ ಕಾಲಕಾಲಕ್ಕೆ ಊಟ, ಕಣ್ತುಂಬ ನಿದ್ದೆ ಇರಲಿ ತಾಯಿ. ನಿಮ್ಮಮ್ಮನ ಆಶೀರ್ವಾದವನ್ನೂ ನಾನೇ ಸೇರಿಸಿ ಬರೆಯುತ್ತಿದ್ದೇನೆ.

ನಿನ್ನ ಅಪ್ಪ,
ಮುನಿನಾರಾಯಣಪ್ಪ

ಮರೆತ ಮಾತು: ಮರೆತಿರಲಿಲ್ಲ. ಅದೇ ವಾರ ನಿನ್ನ ಕಾಗದವೂ ಬಂದಿತ್ತು. ಅಪ್ಪನಿಗೆ ಇಷ್ಟವಾಗಲಿ ಎಂದು ನೀನು ಮೊದಲ ಸಲ ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದಿದ್ದೆ. ಕೈಯಲ್ಲಿ ಕೆಂಪು ಪೆನ್ನಿತ್ತು. ತಿದ್ದಿ, ನಿನಗೇ ವಾಪಸು ಕಳುಹಿಸಿದೆ. ‘ಇನ್ನು ಮನೆಗೆ ಬಂದರೆ ಬಾಗಿಲಲ್ಲಿ ನಿಂತು ಯಾರನ್ನು ಕೂಗಲಿ’ ಎಂದಿದ್ದೆಯಲ್ಲ, ಅದರ ಪಕ್ಕದಲ್ಲೂ ‘ಹೀಗೆ ಯಾರೂ ಬರೆಯುವುದಿಲ್ಲ’ ಎಂದು ಹಾಕಿದೆ. ಮೊನ್ನೆ ಸ್ಕೂಲಿನಿಂದ ಬಂದವನು ಬಾಗಿಲಲ್ಲಿ ನಿಂತು “ಇವಳೇ” ಎಂದು ಕೂಗಿದೆ. ಆ ಕಾಗದ ಹರಿದು ಹಾಕಿಲ್ಲದಿದ್ದರೆ ಇನ್ನೊಂದು ಸಲ ಕಳುಹಿಸಮ್ಮ, ಓದಬೇಕು. ಕೆಂಪು ಮಸಿಯನ್ನು ಚೆನ್ನರಾಯಪ್ಪನಿಗೆ ಕೊಟ್ಟುಬಿಟ್ಟಿದ್ದೇನೆ. ನೂಲಿನ ಕಟ್ಟುಗಳಿಗೆ ಗುರುತು ಹಾಕಿಕೊಳ್ಳುತ್ತಿದ್ದಾನೆ.