ಬಸವಣ್ಣೆವ್ವ ಕೇಳಿದ್ದು ನೀರಲ್ಲ

ಪುಣೆ
೬ ನವೆಂಬರ್ ೧೯೧೮, ಬುಧವಾರ

ಪ್ರೀತಿಯ ಕಲ್ಲಕ್ಕನಿಗೆ,

ತಮ್ಮ ಲೋಕನಾಥ ಮಾಡುವ ನಮಸ್ಕಾರಗಳು. ದಸರೆಗೆ ಮುಂಚೆ ಬಂದ ನಿನ್ನ ಎರಡು ಕಾರ್ಡುಗಳಿಗೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ‘ಬದುಕಿದ್ದಿಯೋ ಇಲ್ಲೋ, ಅಷ್ಟರೆ ತಿಳಸು’ ಎಂದು ಎರಡನೆಯದರಲ್ಲಿ ಬರೆದಿದ್ದೀ. ಬದುಕಿದ್ದೇನೆ. ಜ್ವರ ನನ್ನನ್ನು ಮುಟ್ಟಲಿಲ್ಲ. ನವಲಗುಂದದಲ್ಲಿ ನೀವೆಲ್ಲ ಹೇಗಿದ್ದೀರಿ? ಭಾವನವರ ಕೆಮ್ಮು ನಿಂತಿತೆ? ಚನ್ನಬಸವ್ವನಿಗೆ ಹಲ್ಲು ಬಂದವೆ? ಈ ಕಾಗದವನ್ನು ಎಲ್ಲರ ಮುಂದೆ ಓದಬೇಡ. ನೀನೊಬ್ಬಳೇ ಓದು.

ನಾನು ಪುಣೆಗೆ ಬಂದು ಮೂರು ವರ್ಷವಾಯಿತು. ನೀನು ಈಗಲೂ ಇದನ್ನು ಪರಮುಲಕ್ ಎನ್ನುತ್ತೀ. ನನಗೂ ಹಾಗೆಯೇ ಅನಿಸುತ್ತದೆ. ಪೇಟೆಯಲ್ಲಿ ಮರಾಠಿ, ಮಿಶನ್ ಬಂಗಲೆಯಲ್ಲಿ ಇಂಗ್ಲಿಷು. ನನ್ನ ಕನ್ನಡಕ್ಕೆ ಕೆಲಸವಿದ್ದದ್ದು ಕೋಥರೂಡ ಎಂಬ ಹಳ್ಳಿಯ ಆಚೆಗಿನ ಕಲ್ಲುಗಣಿಯಲ್ಲಿ ಮಾತ್ರ. ಅಲ್ಲಿ ಕಲ್ಲು ಒಡೆಯುವವರೆಲ್ಲ ಬಿಜಾಪುರದ ಕಡೆಯವರು. ಅವರಿಗೆ ಯೇಸುವಿನ ಸುವಾರ್ತೆ ಹೇಳುವುದು ನನಗೆ ವಹಿಸಿದ ಸೇವೆ. ವಾರಕ್ಕೆರಡು ದಿನ ಬಗಲಲ್ಲಿ ಪುಸ್ತಕ ಹಿಡಿದು ಹೋಗುತ್ತಿದ್ದೆ. ಮೂರು ವರ್ಷದಲ್ಲಿ ಒಬ್ಬನೂ ಒಪ್ಪಲಿಲ್ಲ. ಪಾದ್ರಿ ಸಾಹೇಬರು ಒಳ್ಳೆಯವರು, ಏನೂ ಅನ್ನಲಿಲ್ಲ. ಆದರೆ ಅವರು ತಮ್ಮ ದೇಶಕ್ಕೆ ವರದಿ ಬರೆಯುವ ದಿನ ನಾನೇ ಅವರ ಕಣ್ಣು ತಪ್ಪಿಸಿ ತಿರುಗುತ್ತಿದ್ದೆ.

ಗಣಿಯ ಪಕ್ಕದಲ್ಲಿ ಬಸವಣ್ಣೆವ್ವ ಎಂಬ ಮುದುಕಿ ಮತ್ತು ಅವಳ ಮಗ ನಿಜಲಿಂಗಪ್ಪ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದರು. ಬಾಗಲಕೋಟೆಯ ಕಡೆಯ ಲಿಂಗವಂತರು. ಮೊದಲ ದಿನವೇ ನನ್ನ ಮಾತು ಕೇಳಿ ಗುರುತು ಹಿಡಿದಳು.

‘ನೀ ನಮ್ಮ ಪೈಕಿ ಹುಡುಗ ಅದಿ. ಕೊರಳಾಗ ಲಿಂಗ ಎಲ್ಲಿ?’

‘ಬಿಟ್ಟೇನ್ರಿ.’

‘ಯಾರ ಮಾತ ಕೇಳಿ ಬಿಟ್ಟಿ?’

‘ನನ್ನ ಮನಸ್ಸಿನ ಮಾತ ಕೇಳಿ.’

ಅವಳು ಒಂದು ತಾಟು ನನ್ನ ಮುಂದೆ ಸರಿಸಿದಳು. ‘ಕೂಡು, ಉಣ್ಣು. ಬಿಟ್ಟವರಿಗೂ ಹಸಿವಿ ಆಗ್ತದ’ ಎಂದು ಬಿಸಿ ರೊಟ್ಟಿಯ ಮೇಲೆ ಝುಣಕ ಹಾಕಿದಳು. ಆಮೇಲೆ ಅದೇ ರೂಢಿಯಾಯಿತು. ಅವಳು ರೊಟ್ಟಿ ಬಡಿಯುವಳು, ನಾನು ಯೇಸುವಿನ ಕಥೆ ಹೇಳುವವನು. ಐದು ರೊಟ್ಟಿಯಲ್ಲಿ ಐದು ಸಾವಿರ ಜನ ಉಂಡ ಕಥೆ ಅವಳಿಗೆ ಭಾಳ ಸೇರಿತು. ‘ಅಂವಾ ನಮ್ಮ ಖಾನಾವಳ್ಯಾಗ ಇರಬೇಕಿತ್ತ ನೋಡು’ ಎಂದು ನಕ್ಕಳು. ನಾನು ಆ ನಗುವನ್ನು ನಂಬಿಕೆಯ ಮೊಳಕೆ ಎಂದು ತಿಳಿದುಕೊಂಡೆ.

ಭಾದ್ರಪದ ಮುಗಿಯುವಷ್ಟರಲ್ಲಿ ಜ್ವರ ಬಂತು. ಇಲ್ಲಿಯವರು ಅದನ್ನು ಮಾನಮೋಡಿ, ಕತ್ತು ಮುರಿಯುವುದು, ಎನ್ನುತ್ತಾರೆ. ಮುಂಜಾನೆ ಕಲ್ಲು ಹೊತ್ತವನು ಸಂಜೆಗೆ ಮೂಗಿನಿಂದ ರಕ್ತ ಸುರಿಸುತ್ತ ಮಲಗುತ್ತಿದ್ದ. ಸುಡುಗಾಡಿನಲ್ಲಿ ಕಟ್ಟಿಗೆ ಸಾಲದಾಯಿತು. ನಮ್ಮ ಮಿಶನ್ ಶಾಲೆಯ ಬೆಂಚುಗಳನ್ನು ಹೊರಗೆ ಹಾಕಿ, ಕೋಣೆಗಳಲ್ಲಿ ಚಾಪೆ ಹಾಸಿ ರೋಗಿಗಳನ್ನು ಮಲಗಿಸಿದೆವು. ಗಣಿಯವರನ್ನು ಎತ್ತಿನ ಗಾಡಿಯಲ್ಲಿ ತರುವುದು ನನ್ನ ಪಾಲಿಗೆ ಬಂತು. ನಿಜಲಿಂಗಪ್ಪ ದಾರಿಯಲ್ಲಿಯೇ ಹೋದ. ತಾಯಿಯ ತೊಡೆಯ ಮೇಲೆ ತಲೆ ಇತ್ತು. ಗಾಡಿ ನಿಲ್ಲುವವರೆಗೂ ಅವಳು ಅವನ ಹಣೆ ಒರೆಸುತ್ತಲೇ ಇದ್ದಳು. ಮರುದಿನ ಅವಳೂ ಮಲಗಿದಳು.

ರೋಗಿಗಳ ಬಟ್ಟೆಗಳನ್ನೆಲ್ಲ ಹಂಡೆಯಲ್ಲಿ ಕುದಿಸುತ್ತಿದ್ದೆವು. ಬಸವಣ್ಣೆವ್ವನ ಬಟ್ಟೆಯ ಜೊತೆಗೆ ಲಿಂಗ ಕಟ್ಟಿದ್ದ ವಸ್ತ್ರವೂ ಬಂತು. ನಾನು ಬಿಚ್ಚಿ, ಲಿಂಗವನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೆ. ಯಾರ ವಸ್ತುವಿದ್ದರೂ ಜೋಪಾನವಾಗಿಟ್ಟು ಅವರ ಕೈಗೇ ಕೊಡಬೇಕೆಂದು ಸಾಹೇಬರ ಕಟ್ಟಪ್ಪಣೆ ಇತ್ತು. ಮುಂದೆ ಬರೆಯುವುದರಲ್ಲಿ ಅವರ ತಪ್ಪೇನೂ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ಅವಳಿಗೆ ಎಚ್ಚರವಾಯಿತು. ಕೈ ಎದೆಯ ಮೇಲೆ ತಡಕಾಡಿತು.

‘ತಮ್ಮಾ, ನನ್ನ ಲಿಂಗ ಎಲ್ಲಿ ಅದ? ಕೊಡಪಾ.’

ಪಕ್ಕದಲ್ಲಿ ರೋಗಿಗಳ ಆರೈಕೆ ಮಾಡುವ ಗೋದಾಬಾಯಿ ಎಂಬ ದಾಯಿ ಇದ್ದಳು. ವಾರದಿಂದ ನಿದ್ದೆಗೆಟ್ಟ ಹೆಂಗಸು. ‘ಆಜೀ ಕಾಯ್ ಮ್ಹಣತೇ?’ ಎಂದು ಕೇಳಿದಳು. ಅಜ್ಜಿ ಏನಂತಾಳೆ? ಆ ಕೋಣೆಯಲ್ಲಿ ಕನ್ನಡ ತಿಳಿಯುವ ಇನ್ನೊಬ್ಬರಿರಲಿಲ್ಲ.

‘ಪಾಣಿ ಮಾಗತೇ’ ಎಂದೆ. ನೀರು ಕೇಳ್ತಾಳೆ.

ಅಕ್ಕಾ, ಆ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು! ಲಿಂಗ ಕೈಗೆ ಬಂದರೆ ಅವಳ ಮನಸ್ಸು ಅದರಲ್ಲೇ ನಿಂತುಬಿಡುತ್ತದೆ, ಬರಿಗೈಯಲ್ಲಿದ್ದರೆ ಯೇಸುವಿನ ಕಡೆಗೆ ತಿರುಗಿಯಾಳು ಎಂದುಕೊಂಡೆ. ಅವಳ ಆತ್ಮದ ಮೇಲಿನ ಪ್ರೀತಿಯಿಂದಲೇ ಹೀಗೆ ಮಾಡುತ್ತಿದ್ದೇನೆ ಎಂದು ನಂಬಿದ್ದೆ. ವರದಿಯಲ್ಲಿ ಒಂದು ಹೆಸರು ಬರುತ್ತದೆ ಎಂಬುದೂ ಮನಸ್ಸಿನಲ್ಲಿತ್ತು.

ಗೋದಾಬಾಯಿ ನೀರು ಹನಿಸಿದಳು. ಬಸವಣ್ಣೆವ್ವ ಮುಖ ತಿರುವಿದಳು. ಮತ್ತೆ ಅದನ್ನೇ ಕೇಳಿದಳು. ನಾನು ಬಾಗಿ, ‘ಅವ್ವಾ, ಮೊದಲ ಒಂದು ಪ್ರಾರ್ಥನಾ ಮಾಡೂಣ’ ಎಂದೆ.

‘ಮಾಡಪಾ, ನಾ ಬ್ಯಾಡ ಅನ್ನೂದಿಲ್ಲ. ಮೊದಲ ಅದನ್ನ ಕೊಡು’ ಎಂದು ಎಡಗೈ ಬಿಚ್ಚಿ ನನ್ನ ಮುಂದೆ ಹಿಡಿದಳು.

ನಾನು ಕಣ್ಣು ಮುಚ್ಚಿದೆ. ಉದ್ದವಾದ ಪ್ರಾರ್ಥನೆ ಮಾಡಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಪ್ರಾರ್ಥಿಸಿರಲಿಲ್ಲ. ನನ್ನ ಕಣ್ಣಲ್ಲೇ ನೀರು ಬಂತು. ಆಮೆನ್ ಎಂದು ಕಣ್ಣು ತೆರೆದಾಗ ಅವಳು ಹೋಗಿದ್ದಳು. ಕೈ ಹಾಗೇ ಬಿಚ್ಚಿಕೊಂಡಿತ್ತು.

ಅವಳಿಗೆ ಅಲ್ಲಿ ತನ್ನವರು ಯಾರೂ ಇರಲಿಲ್ಲ. ಗಣಿಯವರಿಬ್ಬರನ್ನು ಕರೆದುಕೊಂಡು ನಾನೇ ಕುಣಿ ತೋಡಿದೆ, ಲಿಂಗವಂತರ ಪದ್ಧತಿಯಂತೆ ಕುಳ್ಳಿರಿಸಿಯೇ ಮಣ್ಣು ಕೊಟ್ಟೆ. ಅಂಗೈಯಲ್ಲಿ ಲಿಂಗವಿಟ್ಟರೆ ನಿಲ್ಲಲಿಲ್ಲ, ಬೆರಳು ಸೆಟೆದಿದ್ದವು. ದಾರ ಸುತ್ತಿ ಕಟ್ಟಬೇಕಾಯಿತು.

ಸಾಹೇಬರಿಗೆ ಗೊತ್ತಾದದ್ದು ಇಷ್ಟೇ: ಒಬ್ಬ ಮುದುಕಿ ನನ್ನ ಪ್ರಾರ್ಥನೆ ಕೇಳುತ್ತ ಕಣ್ಣು ಮುಚ್ಚಿದಳು. ಅವರು ನನ್ನ ಭುಜ ಹಿಡಿದು, ರವಿವಾರ ಸಭೆಯ ಮುಂದೆ ಸಾಕ್ಷಿ ಹೇಳು ಎಂದರು. ಎರಡು ದಿನ ನಾನು ಹೇಳಬೇಕಾದ ಮಾತನ್ನು ಚೆಂದವಾಗಿ ಹೊಂದಿಸಿಕೊಂಡೆ. ಎದ್ದು ನಿಂತಾಗ ಎದುರಿಗೆ ಗೋದಾಬಾಯಿ ಕೂತಿದ್ದಳು. ಹೊಂದಿಸಿದ್ದು ಒಂದೂ ಬಾಯಿಗೆ ಬರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಮರಾಠಿಯಲ್ಲಿ ಹೇಳಿಬಿಟ್ಟೆ.

ಹೊರಗೆ ಬಂದ ಮೇಲೆ ಗೋದಾಬಾಯಿ ಅಂದಳು, ‘ನನ್ನ ಕೈಯಿಂದ ನೀರು ಹಾಕಿಸಿದಿರಲ್ಲ! ಆಕೆ ಕೇಳಿದ್ದು ಅದು ಅಂತ ಒಂದು ಮಾತು ಅಂದಿದ್ದರೆ ನಾನೇ ತಂದು ಕೊಡುತ್ತಿದ್ದೆ. ನನ್ನ ಯೇಸುವಿಗೆ ಅದರಿಂದ ಏನೂ ಕಡಿಮೆ ಆಗುತ್ತಿರಲಿಲ್ಲ.’ ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ. ಸಾಹೇಬರು ಮಾತ್ರ, ‘ದೇವರು ಕ್ಷಮಿಸುತ್ತಾನೆ, ಲೋಕನಾಥ’ ಎಂದರು. ಕ್ಷಮಿಸುತ್ತಾನೆ, ಅದನ್ನು ನಾನು ಇಂದಿಗೂ ನಂಬುತ್ತೇನೆ. ಆದರೆ ನಾನು ಕ್ಷಮೆ ಕೇಳಬೇಕಾದವಳು ಮಣ್ಣಿನಲ್ಲಿದ್ದಾಳೆ.

ಉಪದೇಶದ ಕೆಲಸ ಬಿಟ್ಟಿದ್ದೇನೆ. ಪುಸ್ತಕಗಳನ್ನು ಸಾಹೇಬರ ಮೇಜಿನ ಮೇಲಿಟ್ಟು ಬಂದೆ. ಈಗ ಶಾಲೆಯಲ್ಲಿ ನೀರು ಹೊರುತ್ತೇನೆ, ಹಂಡೆಗೆ ಉರಿ ಹಾಕುತ್ತೇನೆ. ಪ್ರಾರ್ಥನೆ ಬಿಟ್ಟಿಲ್ಲ, ಆದರೆ ಕಣ್ಣು ಮುಚ್ಚಲು ಹೆದರಿಕೆ. ತೆರೆದುಕೊಂಡೇ ಮಾಡುತ್ತೇನೆ.

ನೀವೆಲ್ಲ ನೀರು ಕಾಯಿಸಿ ಕುಡಿಯಿರಿ. ಮಗುವನ್ನು ಮಂದಿಯಲ್ಲಿ ಒಯ್ಯಬೇಡ. ನೀನು ನಂಬಿದ ದೇವರೂ ನಾನು ನಂಬಿದ ದೇವರೂ ನಿಮ್ಮ ಮನೆಯನ್ನು ಕಾಯಲಿ.

ನಿನ್ನ ತಮ್ಮ,
ಲೋಕನಾಥ

ತಾ.ಕ.: ಕಾಗದ ಮಡಿಸಿ, ಮತ್ತೆ ಬಿಚ್ಚಿದೆ. ಹೋದ ವರ್ಷ ಶ್ರಾವಣದಲ್ಲಿ ‘ಅವ್ವ ಕರೆಯುತ್ತಾಳೆ, ಬಾ’ ಎಂದು ನೀನು ತಂತಿ ಕೊಟ್ಟಿದ್ದೆ. ಸಾಹೇಬರು ರಜೆ ಕೊಡಲಿಲ್ಲ ಎಂದು ನಾನು ಬರೆದೆ. ಅದು ಸುಳ್ಳು. ಅವರು ತಂತಿ ಓದಿದ ಕೂಡಲೇ ತಾವೇ ಟಾಂಗಾ ತರಿಸಿ ಸ್ಟೇಶನ್ನಿಗೆ ಕಳಿಸಿದರು. ರೈಲು ಬಂತು, ನಿಂತಿತು, ಹೋಯಿತು. ನಾನು ಬೆಂಚಿನ ಮೇಲಿಂದ ಏಳಲಿಲ್ಲ. ‘ಒಮ್ಮೆ ಲಿಂಗ ಕಟ್ಟಿಕೊ’ ಎಂದು ಅವ್ವ ಅಂದರೆ ನಾನು ಕಟ್ಟಿಕೊಂಡುಬಿಡುತ್ತೇನೆ ಎಂದು ಹೆದರಿದ್ದೆ. ಸಾಯುವ ಮುಂಚೆ ಅವಳು ಕೊನೆಗೆ ನನ್ನಿಂದ ಏನು ಕೇಳಿದಳು ಎಂಬುದನ್ನು ನೀನು ಬರೆಯಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಏನಿದ್ದರೂ ಬರೆ.