ಹಲ್ಲಿ ಸೇತುವೆ ದಾಟಿತು

ಶಾಹಿಸ್ತಾ,

ಇದನ್ನು ಹೇಳದೆ ಸುಮ್ಮನಿರಬೇಕೆಂದಿದ್ದೆ, ಆಗಲಿಲ್ಲ. ನಿನ್ನೆ ನಮ್ಮ ಡೈನೋಸಾರ್ ಸೇತುವೆ ದಾಟಿತು!

ನಿಮ್ಮ ಅಮ್ಮಿ ಹಲ್ಲಿ ಎನ್ನುತ್ತಿದ್ದರಲ್ಲ, ಅದೇ ಹಸಿರು ಡೈನೋಸಾರ್. ಆ ವಿಡಿಯೋ ಗೇಮ್ ಈಗ ಕಂಪ್ಯೂಟರಿನಲ್ಲೂ ಸಿಗುತ್ತದೆ. ತೊಂಬತ್ತೆಂಟರ ಬೇಸಿಗೆ ರಜೆಯೆಲ್ಲ ಇಂಡಿ ಊರಿನ ನಿಮ್ಮ ಮನೆಯ ಪಡಸಾಲೆಯಲ್ಲಿ, ನಿಂಬೆಹಣ್ಣಿನ ಚೀಲಗಳಿಗೆ ಒರಗಿ ಅದನ್ನೇ ಆಡಿದೆವು. ಇದ್ದದ್ದು ಒಂದೇ ರಿಮೋಟ್. ಓಡಿಸುವ ಗುಂಡಿ ನನ್ನದು, ಹಾರಿಸುವ ಗುಂಡಿ ನಿನ್ನದು. ಮುರಿದ ಸೇತುವೆ ಬಂತೆಂದರೆ ಡೈನೋಸಾರ್ ಹಳ್ಳಕ್ಕೆ ಬೀಳುತ್ತಿತ್ತು.

"ತಡಾ ಮಾಡಿ ಒತ್ತಿದಿ ನೀ!" ಎಂದು ನಾನು.

"ನೀನ ಲಗೂನ ಓಡಿಸಿದಿ! ಇಂಗ್ಲಿಷ್ ಸಾಲಿಯಾಗ ಸುಳ್ಳು ಹೇಳೂದ ಕಲಿಸ್ತಾರೇನ?" ಎಂದು ನೀನು.

ಒಳಗಿನಿಂದ ಅಮ್ಮಿ, "ಹಲ್ಲಿ ಮತ್ತ ಬಿತ್ತೇನ್ರೇ?"

ನಿನ್ನೆ ಎರಡೂ ಗುಂಡಿ ನಾನೇ ಒತ್ತಿದೆ. ಆದರೂ ಬಿತ್ತು. ಹಲವು ಸಲ ಬಿದ್ದ ಮೇಲೆ ಹೊಳೆಯಿತು, ತಪ್ಪು ಆಟದ್ದೇ! ಗುಂಡಿ ಒತ್ತಿದರೂ ಆ ಪ್ರಾಣಿ ಒಂದು ಕ್ಷಣ ಯೋಚಿಸಿ ಆಮೇಲೆ ಹಾರುತ್ತದೆ. ಅಂಚಿಗೆ ಬರುವ ಮೊದಲೇ ಒತ್ತಿದೆ. ಹಾರಿತು, ದಾಟಿತು! ಕುರ್ಚಿಯಿಂದೆದ್ದು ಕೂಗಿದೆ. ಕೂಗಿ, ಪಕ್ಕಕ್ಕೆ ತಿರುಗಿದೆ.

ನೀನು ತಡ ಮಾಡಿರಲಿಲ್ಲ, ಶಾಹಿಸ್ತಾ. ಆ ರಜೆಯ ಕೊನೆಗೆ ನಾವು ಮಾತು ಬಿಟ್ಟದ್ದು ಇದಕ್ಕೇನಾ? ಬೇರೆ ಏನಾದರೂ ಇತ್ತೇ? ಕೇಳೋಣವೆಂದರೆ ನೀನು ತೀರಿಕೊಂಡು ಎರಡು ವರ್ಷವಾಯಿತು.

ಇಡೀ ರಿಮೋಟ್ ನನ್ನ ಕೈಗೆ ಯಾವಾಗ ಕೊಡುತ್ತಿ ಎಂದು ಕೇಳಿದಾಗಲೆಲ್ಲ "ಫೆಬ್ರವರಿ ಮೂವತ್ತಕ್ಕ" ಎಂದು ನಗುತ್ತಿದ್ದೆಯಲ್ಲ.

ಈ ಪತ್ರವನ್ನೂ ಅಂದೇ ಅಂಚೆಗೆ ಹಾಕುತ್ತೇನೆ, ಫೆಬ್ರವರಿ ಮೂವತ್ತಕ್ಕೆ.